ಡ್ರೋನ್ ಪಾಳಿಗೆ ಆಳು ಆರಿಸುವುದು: ನನ್ನ ಅನುಭವ

ಸೇನೆಯ ಫಿರಂಗಿ ದಳದ ಮಾನವರಹಿತ ವಿಮಾನ ಘಟಕದಲ್ಲಿ ಹಾರಾಟದ ತಂಡಕ್ಕೆ ಸೈನಿಕರನ್ನು ಆರಿಸಿ ಪಾಳಿ ಹಾಕುವ ಹೊಣೆ ನನ್ನ ಪಾಲಿಗೆ ಬಂದಾಗ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ದುಡಿದ ನಮ್ಮ ತಂದೆಯವರ ಕೆಲಸವೇ ನನಗೆ ಅಳತೆಗೋಲಾಯಿತು. ರಾತ್ರಿಯಿಡೀ ಮೀಟರುಗಳ ಮುಂದೆ ಕೂತು, ಏನೂ ಆಗದ ಹೊತ್ತಿನಲ್ಲೂ ಎಚ್ಚರ ತಪ್ಪದೆ, ಆದದ್ದನ್ನು ಆದಷ್ಟೇ ಲಾಗ್ ಪುಸ್ತಕದಲ್ಲಿ ಬರೆಯುವವರು ಅವರು.

ನಿವೃತ್ತನಾಗಿ ರಾಯಚೂರಿಗೆ ಮರಳಿದ ಮೇಲೆ, ಅಗ್ನಿವೀರ ಭರ್ತಿಗೆ ತಯಾರಾಗುವ ಹುಡುಗರು ನನ್ನಲ್ಲಿಗೆ ಬರುತ್ತಾರೆ. “ಸರ, ಮೊಬೈಲ್‌ನಾಗ ಗೇಮ್ ಭಾಳ ಚಲೋ ಆಡ್ತೀನ್ರಿ, ಡ್ರೋನ್ ಹಾರ್ಸಾಕ ತಗೋತಾರೇನ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಉಕ್ರೇನ್ ಯುದ್ಧದಲ್ಲಿ ಕಾಣುವ ಚಿಕ್ಕ ಸ್ಫೋಟಕ ಡ್ರೋನುಗಳಿಗೆ ಕೈಚಳಕ ಬೇಕು, ನಿಜ. ಆದರೆ 24 ಗಂಟೆಗೂ ಮೀರಿ ಆಕಾಶದಲ್ಲಿರಬಲ್ಲ ಹೆರಾನ್‌ನಂಥ ದೊಡ್ಡ ಕಣ್ಗಾವಲು ಡ್ರೋನ್ ತಾನಾಗಿಯೇ ಏರಿ ಇಳಿಯಬಲ್ಲದು. ಅಲ್ಲಿ ದಣಿಯುವುದು ಕಣ್ಣು ಮತ್ತು ಮನಸ್ಸು.

ನಾನು ಹುಡುಗರನ್ನು ಪರೀಕ್ಷಿಸುವ ಕ್ರಮ ಸರಳವಾದದ್ದು. ಕಾಲುವೆ ಏರಿಯನ್ನು ಎತ್ತರದಿಂದ ಚಿತ್ರಿಸಿದ, ಬಹುಪಾಲು ಏನೂ ನಡೆಯದ ಉದ್ದನೆಯ ವಿಡಿಯೊ ಹಾಕಿ, ಇಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸುತ್ತೇನೆ. ಒಬ್ಬ ನೋಡಿ ಹೇಳಬೇಕು, ಇನ್ನೊಬ್ಬ ಕೇಳಿ ಕಾಗದದ ಮೇಲೆ ಗುರುತು ಹಾಕಬೇಕು. ಕೊನೆಯ ಹೊತ್ತಿಗೆ ಸೈಕಲ್ ಮೇಲಿನವನೊಬ್ಬ ಜಾಲಿಮರದ ನೆರಳು ಹೊಕ್ಕು ಮರೆಯಾಗುತ್ತಾನೆ. ಬಹಳ ಮಂದಿ “ಗಿಡದ ಬುಡಕ ಕುಂತಾನ್ರಿ” ಎಂದುಬಿಡುತ್ತಾರೆ. ಸಿಂಧನೂರು ಕಡೆಯ ಹುಡುಗನೊಬ್ಬ ಮಾತ್ರ “ನೆರಳಿನಾಗ ಹೋದ್ನ್ರಿ ಸರ, ಮುಂದ ನನಗ ಕಾಣ್ಲಿಲ್ಲ” ಎಂದ. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಹೀಗೆ ಗೆರೆ ಎಳೆಯಬಲ್ಲವನನ್ನೇ ನಾನು ಸೇವೆಯಲ್ಲಿದ್ದಾಗ ಡ್ರೋನ್ ಕ್ಯಾಮೆರಾದ ಪರದೆಯ ಮುಂದೆ ಕೂರಿಸುತ್ತಿದ್ದುದು, ಏಕೆಂದರೆ ಅವನ ಮಾತನ್ನು ನಂಬಿ ಮತ್ತೊಬ್ಬರು ಗುಂಡು ಹಾರಿಸಬೇಕಾದೀತು.

ಪಾಳಿಯ ಲೆಕ್ಕ ಹೊರಗಿನವರಿಗೆ ಹೊಳೆಯುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬನಿಂದ 40 ಗಂಟೆ ಕೆಲಸ ತೆಗೆದರೂ ಒಂದು ಕುರ್ಚಿಗೆ ನಾಲ್ಕಕ್ಕಿಂತ ಹೆಚ್ಚು ಮಂದಿ ಬೇಕು, ರಜೆ, ತರಬೇತಿ, ಜ್ವರ ಸೇರಿದರೆ ಐವರು. ವಿಮಾನ ನಡೆಸುವವನದು ಒಂದು ಕುರ್ಚಿ, ಕ್ಯಾಮೆರಾದವನದು ಇನ್ನೊಂದು. ದುರಸ್ತಿ ತಂಡ ಬೇರೆ. ವಿಮಾನ ಕೊಳ್ಳುವಾಗ ಯಾರೂ ಈ ಲೆಕ್ಕವನ್ನು ಅಷ್ಟು ಉತ್ಸಾಹದಿಂದ ಹಾಕುವುದಿಲ್ಲ. ಅಮೆರಿಕದ ವಾಯುಪಡೆಯೇ 2012 ಮತ್ತು 2013ರಲ್ಲಿ ಡ್ರೋನ್ ಪೈಲಟ್‌ಗಳ ನೇಮಕಾತಿ ಗುರಿ ಮುಟ್ಟಲಿಲ್ಲವೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು 2014ರಲ್ಲಿ ವರದಿ ಮಾಡಿದ್ದರು. ಇದ್ದವರನ್ನು ಉಳಿಸಿಕೊಳ್ಳಲು ಮುಂದೆ ವರ್ಷಕ್ಕೆ 35,000 ಡಾಲರ್‌ವರೆಗೆ ಬೋನಸ್ ಕೊಡಬೇಕಾಯಿತು. ನನ್ನ ಕೈಯಲ್ಲಿ ಬೋನಸ್ ಇರಲಿಲ್ಲ. ರಾತ್ರಿಪಾಳಿ ಯಾರಿಗೆ ಯಾವಾಗ ಎಂಬ ಪಟ್ಟಿಯನ್ನು ಮುಂಚಿತವಾಗಿ ಅಂಟಿಸಿ, ಅದನ್ನು ಯಾರ ಶಿಫಾರಸಿಗೂ ಬದಲಿಸದಿರುವುದಷ್ಟೇ ನನಗೆ ಸಾಧ್ಯವಿದ್ದದ್ದು. ಅದರಿಂದ ವರ್ಗಾವಣೆ ಕೇಳುವವರು ಕಡಿಮೆಯಾದರು.

ನನ್ನ ಬಳಿ ಬರುವವರಿಗೆ ಇನ್ನೊಂದನ್ನು ಬಿಡಿಸಿ ಹೇಳುತ್ತೇನೆ. 2021ರ ಡ್ರೋನ್ ನಿಯಮಗಳಂತೆ ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನವರು ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ಗಳಿಸಬಹುದು. ಆದರೆ ಸೇನೆಯ ಡ್ರೋನುಗಳಿಗೆ ಆ ನಿಯಮಗಳು ಅನ್ವಯಿಸುವುದೇ ಇಲ್ಲ, ಸೇನೆ ತನ್ನವರಿಗೆ ತಾನೇ ಕಲಿಸುತ್ತದೆ. ಆದ್ದರಿಂದ ಸೇನೆಗೆ ಸೇರುವುದಕ್ಕೆಂದೇ ಸಾಲ ಮಾಡಿ ಆ ತರಬೇತಿಯ ಶುಲ್ಕ ಕಟ್ಟಲು ಹೊರಟವರನ್ನು ತಡೆಯುತ್ತೇನೆ; ಮಾನ್ವಿ, ಸಿಂಧನೂರಿನ ಭತ್ತದ ಗದ್ದೆಗಳಿಗೆ ಔಷಧ ಹೊಡೆಯುವ ಮನಸ್ಸಿದ್ದವರಿಗೆ ಧಾರಾಳವಾಗಿ ಕಟ್ಟಿರೆನ್ನುತ್ತೇನೆ.