ಒಣಗಣ್ಣಿನವರು ರೆಪ್ಪೆಗೂದಲಿನ ಸೀರಮ್ ಹಚ್ಚುವ ಮುನ್ನ

ತೋರಣಗಲ್ಲಿನ ಅದಿರಿನ ಧೂಳು, ಗಂಗಾವತಿಯ ಅಕ್ಕಿ ಗಿರಣಿಗಳ ತೌಡು, ರಾಯಚೂರಿನ ನಲವತ್ತು ಡಿಗ್ರಿ ದಾಟುವ ಬಿಸಿಲು. ಈ ಭಾಗದಲ್ಲಿ ಕಣ್ಣು ಒಣಗಿ ಉರಿಯಲು ಕಾರಣಗಳಿಗೆ ಕೊರತೆಯಿಲ್ಲ. ಅಂಥವರು ರೆಪ್ಪೆಗೂದಲು ಬೆಳೆಸುವ ದ್ರವ, ಅಂದರೆ ಸೀರಮ್, ಹಚ್ಚಬೇಕೆಂದರೆ ಮೊದಲು ಕಣ್ಣೀರು ಸರಿಹೋಗಬೇಕು, ಕೂದಲಿನ ಮಾತು ಆಮೇಲೆ.

ಮೇಲಿನ ರೆಪ್ಪೆಯಂಚಿನಲ್ಲಿ, ಕೂದಲ ಸಾಲಿನ ಹಿಂದೆಯೇ, ಸುಮಾರು 25ರಿಂದ 40 ಎಣ್ಣೆ ಗ್ರಂಥಿಗಳ ಬಾಯಿಗಳಿವೆ. ಕಣ್ಣೀರು ಬೇಗ ಆರದಂತೆ ತಡೆಯುವುದು ಈ ಎಣ್ಣೆಯೇ. ಸೀರಮ್ ತುಸು ಒಳಗೆ ಹರಿದರೂ ನೇರ ಅಲ್ಲಿಗೇ ತಾಗುತ್ತದೆ.

ಆದ್ದರಿಂದ ಲೇಬಲ್ ಓದಿ. ಬಿಮಾಟೊಪ್ರೊಸ್ಟ್ 0.03% ಮೂಲತಃ ಕಣ್ಣಿನ ನರಕ್ಕೆ ಹಾನಿ ಮಾಡುವ ಗ್ಲಾಕೋಮಾ ಕಾಯಿಲೆಯ ಔಷಧ. ರೆಪ್ಪೆಗೂದಲಿಗಾಗಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ. ಕಣ್ಣಿನ ಡಾಕ್ಟರ ಚೀಟಿಯಿಲ್ಲದೆ ಅದನ್ನು ಮುಟ್ಟಬೇಡಿ. ‘ಕಾಸ್ಮೆಟಿಕ್’ ಎಂದು ಬರೆದ ಸೀರಮ್‌ನಲ್ಲಿ ಐಸೊಪ್ರೊಪಿಲ್ ಕ್ಲೊಪ್ರೊಸ್ಟೆನೇಟ್ ಇದ್ದರೆ ಅದೂ ಅದೇ ಕುಟುಂಬದ್ದು; ಕೆಂಪು, ತುರಿಕೆ, ರೆಪ್ಪೆ ಕಪ್ಪಾಗುವುದು ಎರಡರಲ್ಲೂ ಬರಬಹುದು. ಔಷಧ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಒಣಗಣ್ಣಿಗೆ ಇನ್ನೊಂದು ಪೆಟ್ಟು, ಅದು ಕಣ್ಣೀರಿನ ಪದರವನ್ನೇ ಕೆಡಿಸುತ್ತದೆ.

ಶುರು ಮಾಡುವ ಎರಡು ವಾರ ಮೊದಲಿನಿಂದ ದಿನವೂ ಮುಚ್ಚಿದ ರೆಪ್ಪೆಯ ಮೇಲೆ ಹಿತವಾದ ಬಿಸಿಬಟ್ಟೆಯನ್ನು 5ರಿಂದ 10 ನಿಮಿಷ ಇಡಿ, ಅಂಚನ್ನು ಮೆಲ್ಲಗೆ ಒರೆಸಿ. ಸಂರಕ್ಷಕವಿಲ್ಲದ ಕೃತಕ ಕಣ್ಣೀರು ಹಾಕಿಕೊಳ್ಳಿ. ರೆಪ್ಪೆಯಂಚು ಊದಿದ್ದರೆ, ಹೊಟ್ಟಿನಂತೆ ಉದುರುತ್ತಿದ್ದರೆ ಸೀರಮ್ ಬೇಡವೇ ಬೇಡ. ಕಣ್ಣೀರು ಎಷ್ಟಿದೆ ಎಂದು ತಿಳಿಯಲು ಡಾಕ್ಟರು ಮಾಡುವ ಶಿರ್ಮರ್ ಪರೀಕ್ಷೆ ಇದೆ: ಕೆಳರೆಪ್ಪೆಯೊಳಗೆ ಇಟ್ಟ ಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿ.ಮೀ.ಗಿಂತ ಕಡಿಮೆ ನೆನೆದರೆ ಒಣಗುವಿಕೆ ತೀವ್ರ.

ಹಚ್ಚುವುದು ರಾತ್ರಿ, ದಿನಕ್ಕೊಮ್ಮೆ. ಮೇಕಪ್, ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಎಲ್ಲ ತೆಗೆದು ಮುಖ ತೊಳೆಯಿರಿ. ಕೃತಕ ಕಣ್ಣೀರು ಹಾಕಿ 15 ನಿಮಿಷ ಬಿಟ್ಟು ರೆಪ್ಪೆಯಂಚನ್ನು ಒಣಗಿಸಿ; ಒದ್ದೆ ಅಂಚಿನಲ್ಲಿ ಔಷಧ ಕಣ್ಣೊಳಗೆ ಹರಿಯುತ್ತದೆ. ಔಷಧದ ಒಂದೇ ಹನಿಯನ್ನು ಬ್ರಷ್ಷಿಗೆ ಬಿಟ್ಟು, ಕೂದಲು ಹುಟ್ಟುವ ಜಾಗದಲ್ಲಿ ಒಳಮೂಲೆಯಿಂದ ಹೊರಮೂಲೆಗೆ ಒಂದೇ ಗೆರೆ ಎಳೆಯಿರಿ. ಮೇಲಿನ ರೆಪ್ಪೆಗೆ ಮಾತ್ರ. ಕಣ್ಣು ಮಿಟುಕಿಸಿದಾಗ ಕೆಳಗಿನದಕ್ಕೆ ತಾನೇ ತಾಗುತ್ತದೆ. ಹೆಚ್ಚಾದದ್ದನ್ನು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಇನ್ನೊಂದು ಕಣ್ಣಿಗೆ ಹೊಸ ಬ್ರಷ್. ಕೂಲರ್ ಗಾಳಿ ಮುಖಕ್ಕೆ ನೇರ ಬೀಸದಂತೆ ಮಲಗಿ.

ಔಡಲೆಣ್ಣೆ ಕೂದಲು ಬೆಳೆಸುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ, ಅಡುಗೆಮನೆಯ ಎಣ್ಣೆಯನ್ನಂತೂ ಕಣ್ಣಂಚಿಗೆ ತಾಗಿಸಬೇಡಿ.

ಮರುದಿನ ಕಣ್ಣಲ್ಲಿ ಮರಳು ಹೊಕ್ಕಂತೆ ಒತ್ತಿದರೆ, ಕೆಂಪು ಇಳಿಯದಿದ್ದರೆ ನಿಲ್ಲಿಸಿ. ನೋವಾದರೆ, ದೃಷ್ಟಿ ಮಸುಕಾದರೆ ಅದೇ ದಿನ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್ ಅಥವಾ ಕೊಪ್ಪಳದ ಕಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ. ಬಸುರಿಯರು, ಹಾಲೂಡಿಸುವವರು, ಗ್ಲಾಕೋಮಾ ಹನಿ ಹಾಕುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಬಿಮಾಟೊಪ್ರೊಸ್ಟ್‌ನ ಪೂರ್ಣ ಫಲಕ್ಕೆ ಸುಮಾರು 16 ವಾರ ಬೇಕು, ನಿಲ್ಲಿಸಿದರೆ ಕೂದಲು ಕ್ರಮೇಣ ಮೊದಲಿನಂತಾಗುತ್ತದೆ. ಮದುವೆಗೆಂದು ಹಚ್ಚುವವರು, ಎರಡು ವಾರದ ತಯಾರಿಯೂ ಸೇರಿ, ನಾಲ್ಕೂವರೆ ತಿಂಗಳು ಮೊದಲೇ ಕಣ್ಣು ತೋರಿಸಿಕೊಳ್ಳಿ.