‘ಉಳಿತಾಯ ₹412’ ಎಂಬ ಬಿಲ್ಲು ನಂಬಬೇಡಿ, ಕಿಲೋದ ದರ ಹಿಡಿಯಿರಿ

ರಿಯಾಯಿತಿ ಸೂಪರ್‌ಮಾರ್ಕೆಟ್‌ನ ಬಿಲ್ಲಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಉಳಿತಾಯ ₹412’ ಎಂದಿರುತ್ತದೆ. ಅದನ್ನು ಮನೆಯಲ್ಲಿ ತೋರಿಸಿ ಖುಷಿಪಡುವವರು ಬಹಳ. ಆ 412 ರೂಪಾಯಿ ಹುಟ್ಟುವುದು ಪೊಟ್ಟಣದ ಎಂಆರ್‌ಪಿಯಿಂದ ಅಂಗಡಿಯ ದರ ಕಳೆದಾಗ. ಪಕ್ಕದ ಹಳೆಯ ದಿನಸಿ ಅಂಗಡಿಯಲ್ಲಿ ಅದೇ ಸಾಮಾನು ಎಂಆರ್‌ಪಿಗಿಂತ 380 ರೂಪಾಯಿ ಕಡಿಮೆಗೆ ಸಿಗುತ್ತಿದ್ದರೆ ನಿಜವಾಗಿ ಉಳಿದದ್ದು 32 ರೂಪಾಯಿ. ಆಟೋ ಬಾಡಿಗೆ ಅದಕ್ಕಿಂತ ಜಾಸ್ತಿ.

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯವರಿಗೆ ಆಯ್ಕೆ ಒಂದೆರಡಲ್ಲ. ಕೇರಳ ಸರಕಾರದ ಸಪ್ಲೈಕೋ ನಡೆಸುವ ಮಾವೇಲಿ ಸ್ಟೋರ್, ಸಹಕಾರಿ ಸಂಸ್ಥೆ ಕನ್ಸ್ಯೂಮರ್‌ಫೆಡ್‌ನ ತ್ರಿವೇಣಿ, ಎರಡು ಮೂರು ಶಾಖೆಯುಳ್ಳ ಹಳೆಯ ದಿನಸಿ ಅಂಗಡಿಗಳು, ಹೊಸ ರಿಯಾಯಿತಿ ಮಳಿಗೆಗಳು. ಸಾಲದ್ದಕ್ಕೆ ಗಡಿಯ ತಲಪಾಡಿ ದಾಟಿದರೆ ಮಂಗಳೂರು. ಎಲ್ಲಿ ಅಗ್ಗ ಎಂದು ನೋಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಸಮಾನವಲ್ಲದ್ದನ್ನು ಸಮಾನವೆಂದು ಹೋಲಿಸುತ್ತಾರೆ. ಅದನ್ನು ತಪ್ಪಿಸುವ ಕ್ರಮ ಇಲ್ಲಿದೆ.

1. ಪಟ್ಟಿ ಬರೆಯಿರಿ

ಹೋದ ತಿಂಗಳ ಚೀಟಿ ನೋಡಿ 15 ಸಾಮಾನು ಆರಿಸಿ, ಸಾಕು: ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಉದ್ದು, ತೊಗರಿಬೇಳೆ, ಹೆಸರು, ಕಡಲೆ, ಸಕ್ಕರೆ, ಬೆಲ್ಲ, ತೆಂಗಿನೆಣ್ಣೆ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಚಹಾಪುಡಿ, ಬಟ್ಟೆ ಸಾಬೂನು, ಪಾತ್ರೆ ಸಾಬೂನು. ಎಲ್ಲ ಅಂಗಡಿಗಳ ದರವನ್ನೂ ಒಂದೇ ವಾರದಲ್ಲಿ ಬರೆದುಕೊಳ್ಳಿ. ಓಣಂ ಸಮಯದಲ್ಲಿ ಮಾತ್ರ ಬೇಡ. ಸಪ್ಲೈಕೋ ಮತ್ತು ಕನ್ಸ್ಯೂಮರ್‌ಫೆಡ್‌ನ ಓಣಂ ಸಂತೆಯ ದರ ವರ್ಷವಿಡೀ ಇರುವುದಿಲ್ಲ.

2. ಮೊದಲು ಮಾವೇಲಿಯ ಲೆಕ್ಕ ಮುಗಿಸಿ

1974ರಲ್ಲಿ ಹುಟ್ಟಿದ ಸಪ್ಲೈಕೋ 13 ಸಾಮಾನುಗಳನ್ನು ಸಬ್ಸಿಡಿ ದರದಲ್ಲಿ ಕೊಡುತ್ತದೆ. ಜಯ, ಕುರುವ, ಮಟ್ಟ ಮತ್ತು ಬೆಳ್ತಿಗೆ ಅಕ್ಕಿ, ಉದ್ದು, ಹೆಸರು, ಕಡಲೆ, ಅಳಸಂಡೆ, ತೊಗರಿಬೇಳೆ, ಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ. 2024ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಇವುಗಳ ದರವನ್ನು ಮಾರುಕಟ್ಟೆಗಿಂತ 35% ಕಡಿಮೆ ಎಂದು ನಿಗದಿಪಡಿಸಲಾಯಿತು. ಅದಕ್ಕೆ ಮೊದಲು ಇನ್ನೂ ಅಗ್ಗವಿತ್ತು. ಆದರೂ ಯಾವ ಖಾಸಗಿ ಮಳಿಗೆಯೂ ಇಷ್ಟಕ್ಕೆ ಇಳಿಯುವುದಿಲ್ಲ.

ರೇಷನ್ ಕಾರ್ಡ್ ಬೇಕು, ತಿಂಗಳ ಮಿತಿಯಿದೆ. ಹದಿಮೂರೂ ಒಂದೇ ದಿನ ಸಿಗುತ್ತವೆ ಎಂದುಕೊಂಡು ದೊಡ್ಡ ಚೀಲ ಹಿಡಿದು ಹೋಗಬೇಡಿ. ಯಾವುದು ಬಂದಿದೆ ಎಂದು ಕೇಳಿಕೊಂಡು ಹೋಗಿ. ಸಿಕ್ಕಿದ್ದನ್ನು ಪಟ್ಟಿಯಿಂದ ಹೊಡೆದುಹಾಕಿ, ಉಳಿದದ್ದಕ್ಕೆ ಮಾತ್ರ ಹೋಲಿಕೆ. ಅಲ್ಲಿಯ ಸಬ್ಸಿಡಿ ಇಲ್ಲದ ಸಾಮಾನಿಗೆ ಈ ರಿಯಾಯಿತಿ ಇಲ್ಲ. ಅದನ್ನು ಬೇರೆ ಅಂಗಡಿಯ ದರದ ಹಾಗೆಯೇ ಪರೀಕ್ಷಿಸಿ.

3. ಒಂದೇ ಅಳತೆಗೆ, ಒಂದೇ ಗುಣಕ್ಕೆ ತನ್ನಿ

ಇಲ್ಲಿ ಅವಸರ ಬೇಡ. ಅರ್ಧ ಕಿಲೋ, ಒಂದು ಕಿಲೋ ಎಂಬ ಹಳೆಯ ಕಟ್ಟುನಿಟ್ಟಿನ ಅಳತೆ ಈಗಿಲ್ಲ. ಕಂಪನಿಗಳು 450 ಗ್ರಾಂ, 850 ಗ್ರಾಂ ಎಂದು ತೋಚಿದಷ್ಟು ತುಂಬುತ್ತವೆ. ಒಂದೆಡೆ 500 ಗ್ರಾಂ ಬೇಳೆಗೆ 79 ರೂಪಾಯಿ, ಇನ್ನೊಂದೆಡೆ 73 ಎಂದುಕೊಳ್ಳಿ. ಎರಡನೆಯದು ಅಗ್ಗವೆಂದು ಕೈ ಹೋಗುತ್ತದೆ. ಅದರ ತೂಕ 450 ಗ್ರಾಂ ಆಗಿದ್ದರೆ ಕಿಲೋಗೆ 162 ರೂಪಾಯಿ ಆಯಿತು, ಮೊದಲನೆಯದು 158. ದರವನ್ನು ಗ್ರಾಂನಿಂದ ಭಾಗಿಸಿ 1000ದಿಂದ ಗುಣಿಸಿ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಪೊಟ್ಟಣದ ಮೇಲೆಯೇ ಗ್ರಾಂ ಅಥವಾ ಕಿಲೋ ಲೆಕ್ಕದ ದರ ಅಚ್ಚಾಗಿರುತ್ತದಲ್ಲ ಎನ್ನಬಹುದು. ನಿಜ, ತೂಕ-ಅಳತೆಯ ಕಾನೂನು ಮಾಪನ ನಿಯಮದ ಪ್ರಕಾರ ಈಗ ಅದು ಕಡ್ಡಾಯ. ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣಕ್ಕೆ ಗ್ರಾಂಗೆ ಎಷ್ಟು, ಹೆಚ್ಚಿನದಕ್ಕೆ ಕಿಲೋಗೆ ಎಷ್ಟು ಎಂದು ಇರುತ್ತದೆ. ಆದರೆ ಆ ಲೆಕ್ಕ ಎಂಆರ್‌ಪಿಯದ್ದು, ಅಂಗಡಿಯವರು ಇಳಿಸಿ ಕೊಡುವ ದರದ್ದಲ್ಲ. ಒಂದೇ ಕಪಾಟಿನಲ್ಲಿ ಎರಡು ಬ್ರ್ಯಾಂಡ್ ಹೋಲಿಸಲು ಅದು ಸುಮಾರಾಗಿ ಸಾಕು, ಎರಡು ಅಂಗಡಿ ಹೋಲಿಸಲು ಸಾಲದು.

ತೆಂಗಿನೆಣ್ಣೆಯಲ್ಲಿ ಏಮಾರುವವರೇ ಹೆಚ್ಚು. ಸೂಪರ್‌ಮಾರ್ಕೆಟ್‌ನಲ್ಲಿ ಲೀಟರ್, ಎಣ್ಣೆ ಮಿಲ್ಲಿನಲ್ಲಿ ಕಿಲೋ. ಒಂದು ಲೀಟರ್ ತೆಂಗಿನೆಣ್ಣೆಯ ತೂಕ ಸುಮಾರು 915 ಗ್ರಾಂ. ಲೀಟರಿಗೆ 400 ರೂಪಾಯಿ ಎಂದರೆ ಕಿಲೋಗೆ 437 ಆಯಿತು. ಹಾಗಾಗಿ ಮಿಲ್ಲಿನವರು ಕಿಲೋಗೆ 425 ಹೇಳಿದರೆ ಅದೇ ಅಗ್ಗ. (ಈ ಅಂಕಿಗಳು ಲೆಕ್ಕಕ್ಕೆ ಮಾತ್ರ, ಎಣ್ಣೆಯ ದರ ವಾರವಾರ ಏರಿಳಿಯುತ್ತದೆ.) ಇನ್ನೊಂದು ಕಣ್ಕಟ್ಟು: ತೆಂಗಿನಕಾಯಿಯ ಚಿತ್ರ ದೊಡ್ಡದಾಗಿ, ‘ಮಿಶ್ರಿತ ಸಸ್ಯಜನ್ಯ ಖಾದ್ಯ ತೈಲ’ ಎಂಬುದು ಸಣ್ಣದಾಗಿ ಇಂಗ್ಲಿಷಿನಲ್ಲಿ. ಅದು ತೆಂಗಿನೆಣ್ಣೆಯಲ್ಲ, ಎಷ್ಟು ಅಗ್ಗವಾದರೂ ತರಬೇಡಿ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಕಲಬೆರಕೆಯ ಕಾರಣಕ್ಕೆ ಹತ್ತಾರು ಬ್ರ್ಯಾಂಡ್‌ಗಳ ತೆಂಗಿನೆಣ್ಣೆಯನ್ನು ನಿಷೇಧಿಸಿತ್ತು. ಸಂಶಯವಿದ್ದರೆ ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್‌ನ ಕೆಳಭಾಗದಲ್ಲಿ ಅರ್ಧ ಗಂಟೆ ಇಡಿ, ಫ್ರೀಜರ್‌ನಲ್ಲಿ ಬೇಡ. ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಬೇರೆ ಎಣ್ಣೆ ಸೇರಿದ್ದರೆ ಅದು ಪದರವಾಗಿ ಬೇರೆ ನಿಲ್ಲುತ್ತದೆ.

ಅಕ್ಕಿಯಲ್ಲಿ ತೆರಿಗೆಯೂ ಒಂದು ಸಂಗತಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಇರುವ ಪ್ಯಾಕೆಟ್ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಇದೆ. ಗೋಣಿಯಿಂದ ತೂಗಿ ಕೊಡುವುದಕ್ಕೆ ಇಲ್ಲ. 26 ಕಿಲೋದ ಚೀಲಗಳು ಬಂದದ್ದು ಇದರಿಂದಲೇ. 25 ಕಿಲೋಗೆ 1,300 ಮತ್ತು 26 ಕಿಲೋಗೆ 1,326 ಇದ್ದರೆ ಎರಡನೆಯದರಲ್ಲಿ ಕಿಲೋಗೆ ಒಂದು ರೂಪಾಯಿ ಕಡಿಮೆ. ಹಳೆಯ ಅಂಗಡಿಯ ಬಿಡಿ ಅಕ್ಕಿ ಸೂಪರ್‌ಮಾರ್ಕೆಟ್‌ನ ಐದು ಕಿಲೋ ಪ್ಯಾಕೆಟ್‌ಗಿಂತ ಅಗ್ಗವಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಗುಣ. ಬರೇ ದರ ಬರೆದುಕೊಂಡು ಬಂದವರ ಲೆಕ್ಕ ಇಲ್ಲೇ ತಲೆಕೆಳಗಾಗುವುದು. ಪ್ರತಿ ಅಂಗಡಿಯಿಂದ ಕಾಲು ಕಿಲೋದಂತೆ ತಂದು ಮನೆಯಲ್ಲೇ ನೋಡಿ.

ಕುಚ್ಚಲಕ್ಕಿಯನ್ನು ಒಂದು ಹಿಡಿ ಕಾಗದದ ಮೇಲೆ ಹರಡಿ ನುಚ್ಚು, ಕಪ್ಪು ಕಾಳು ಎಷ್ಟಿದೆ ನೋಡಿ. ಬಳಿಕ ಎರಡು ಅಂಗಡಿಯ ಅಕ್ಕಿಯನ್ನೂ ಒಂದೊಂದೇ ಲೋಟ ಬೇಯಿಸಿ. ಹಳೆಯ ಅಕ್ಕಿ ಚೆನ್ನಾಗಿ ಒದಗುತ್ತದೆ, ಹೊಸತು ಅಂಟಿಕೊಂಡು ಕಡಿಮೆಯಾಗುತ್ತದೆ. ಉದ್ದನ್ನು 100 ಗ್ರಾಂ ನೆನೆಸಿ ಅರೆಯಿರಿ. ಯಾವುದರ ಹಿಟ್ಟು ಪಾತ್ರೆಯಲ್ಲಿ ಮೇಲೆ ನಿಲ್ಲುತ್ತದೋ ಅದು ಕಿಲೋಗೆ ಹತ್ತು ರೂಪಾಯಿ ಹೆಚ್ಚಾದರೂ ದೋಸೆಗೆ ಲಾಭವೇ. ತೊಗರಿಬೇಳೆ ಹಳತಾಗಿದ್ದರೆ ಎರಡು ಸೀಟಿ ಹೆಚ್ಚು ಹಾಕಿದರೂ ಕರಗುವುದಿಲ್ಲ, ಅಗ್ಗದ ಬೇಳೆಯ ದುಡ್ಡು ಗ್ಯಾಸಿಗೆ ಹೋಯಿತು. ಹುಣಸೆಹುಳಿಯಲ್ಲಿ 100 ಗ್ರಾಂ ತೆಗೆದುಕೊಂಡು ಬೀಜ, ನಾರು ತೆಗೆದು ಮತ್ತೆ ತೂಗಿ. 60 ಗ್ರಾಂ ಉಳಿದರೆ ಕಿಲೋಗೆ 160ರ ಹುಳಿಯ ನಿಜವಾದ ದರ 267. ಬೀಜ ತೆಗೆದ 240ರ ಹುಳಿಯೇ ಅಗ್ಗ. ಬ್ಯಾಡಗಿ ಮೆಣಸನ್ನೂ ತೊಟ್ಟು ತೆಗೆದದ್ದನ್ನು ತೊಟ್ಟು ತೆಗೆದದ್ದರ ಜೊತೆಗೇ ಹೋಲಿಸಬೇಕು.

ಮಳಿಗೆಯವರೇ ಕಟ್ಟಿದ ಪೊಟ್ಟಣದ ಮೇಲಿನ ದಿನಾಂಕ ಪೊಟ್ಟಣ ಕಟ್ಟಿದ ದಿನದ್ದು, ಬೆಳೆ ಬಂದ ದಿನದ್ದಲ್ಲ. ‘ಮೊನ್ನೆಯ ಮಾಲು’ ಎಂದು ಅದನ್ನು ನಂಬಿದರೆ ಹುಳ ಬಂದಾಗ ತಿಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕೆಯ ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣವನ್ನಂತೂ ಮುಟ್ಟಬೇಡಿ.

4. ಎಲ್ಲಿ ಯಾವುದನ್ನು ಕೊಳ್ಳಬೇಕು

ರಿಯಾಯಿತಿ ಮಳಿಗೆಯ ಅಗ್ಗ ಪೂರ್ತಿ ಸುಳ್ಳಲ್ಲ. ಬ್ರ್ಯಾಂಡ್ ಕಡಿಮೆ ಇಟ್ಟು, ಬಹಳ ಮಾಲು ಒಟ್ಟಿಗೆ ಎತ್ತಿ, ಸರಬರಾಜುದಾರರಿಗೆ ಬೇಗ ಹಣ ಕೊಟ್ಟರೆ ಕೆಳಗಿನ ದರ ಸಿಗುತ್ತದೆ. 2002ರಲ್ಲಿ ಮುಂಬೈಯಲ್ಲಿ ಶುರುವಾದ ಡಿ-ಮಾರ್ಟ್ ಬೆಳೆದದ್ದು ಹೀಗೆ. ಹೆಚ್ಚಿನ ಮಳಿಗೆಗಳ ಕಟ್ಟಡವೂ ಅದರದ್ದೇ, ಬಾಡಿಗೆ ಇಲ್ಲ. ಆದರೆ ಎಲ್ಲರಿಗೂ ದರ ಬಾಯಿಪಾಠ ಇರುವ ಸಕ್ಕರೆ, ಎಣ್ಣೆ, ಸಾಬೂನಿನಲ್ಲಿ ಇಳಿಸಿ, ಯಾರೂ ಹೋಲಿಸದ ಜೀರಿಗೆ, ದ್ರಾಕ್ಷಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳಿ ಪಡೆಯುವುದೂ ಈ ವ್ಯಾಪಾರದ ಭಾಗ.

ಹಾಗಾಗಿ ಸಾಬೂನು, ಸಕ್ಕರೆ, ಉಪ್ಪು ರಿಯಾಯಿತಿ ಮಳಿಗೆಯಿಂದ ತನ್ನಿ, ಅವರದೇ ಹೆಸರಿನದ್ದಾದರೂ ಅಡ್ಡಿಯಿಲ್ಲ. ಅವರದೇ ಹೆಸರಿನ ಚಹಾಪುಡಿ, ಮಸಾಲೆಪುಡಿ ಬೇಡವೇ ಬೇಡ. ಅಕ್ಕಿ, ಬೇಳೆ, ಮೆಣಸು, ಹುಳಿಗೆ ಹಳೆಯ ಅಂಗಡಿಯೇ ಒಳ್ಳೆಯದು: ಹುಳ ಬಿದ್ದರೆ ಬದಲಿಸಿ ಕೊಡುತ್ತಾರೆ, 50 ಗ್ರಾಂ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ಅಲ್ಲಿ ಒಂದೊಂದೇ ದರ ಕೇಳಬೇಡಿ. ಇಡೀ ತಿಂಗಳ ಚೀಟಿ ಕೊಟ್ಟು ನಗದಿಗೆ ಒಟ್ಟು ಎಷ್ಟೆಂದು ಕೇಳಿ. ಸಾಲದ ಪುಸ್ತಕದ ದರವೂ ನಗದಿನ ದರವೂ ಒಂದೇ ಇರಬೇಕೆಂದಿಲ್ಲ.

‘ಒಂದಕ್ಕೆ ಒಂದು ಉಚಿತ’ ಇದ್ದರೆ ಎರಡರ ತೂಕ ಕೂಡಿಸಿ ಕಿಲೋದ ದರ ತೆಗೆಯಿರಿ, ಮುಗಿಯುವ ದಿನಾಂಕ ನೋಡಿ. ಪಾಯಿಂಟ್ ಕಾರ್ಡನ್ನು ಲೆಕ್ಕಕ್ಕೇ ಸೇರಿಸಬೇಡಿ.

5. ಮಂಗಳೂರಿಗೆ ಹೋಗುವುದಾದರೆ

ಕಾಸರಗೋಡು ಪೇಟೆಯಿಂದ ಹೋಗಿ ಬರಲು ಸುಮಾರು 100 ಕಿಲೋಮೀಟರ್. ಲೀಟರಿಗೆ 16 ಕಿಲೋಮೀಟರ್ ಓಡುವ ಕಾರಿಗೆ ಆರು ಲೀಟರ್‌ಗಿಂತ ಹೆಚ್ಚು ಪೆಟ್ರೋಲ್, ತಲಪಾಡಿಯ ಟೋಲ್ ಬೇರೆ. ಸೂತ್ರ ಸುಲಭ: ಹೋಗಿಬರುವ ಖರ್ಚನ್ನು ಉಳಿತಾಯದ ಶೇಕಡಾದಿಂದ ಭಾಗಿಸಿ 100ರಿಂದ ಗುಣಿಸಿ. ಹತ್ತಿರದ ಊರಿನಿಂದ ಖರ್ಚು 300, ಉಳಿತಾಯ 8% ಆದರೆ 3,750 ರೂಪಾಯಿ ಮೀರಿ ಕೊಂಡಾಗಷ್ಟೇ ಲಾಭ ಶುರು. ಗಡಿ ಹತ್ತಿರದ ಮಂಜೇಶ್ವರದವರಿಗೆ ಇದು ಹೊಂದಬಹುದು. ದೂರದ ಮುಳ್ಳೇರಿಯ, ಆದೂರಿನವರು ಬೇರೆ ಕೆಲಸಕ್ಕೆ ಹೋದಾಗ ತಂದರೆ ಸರಿ, ಸಕ್ಕರೆಗೆಂದೇ ಹೋಗುವುದು ದಂಡ. ಕಾರಿನಲ್ಲಿ ಹೋದವರು ಪೆಟ್ರೋಲನ್ನು ಕರ್ನಾಟಕದ ಬದಿಯಲ್ಲಿ ತುಂಬಿಸಿಕೊಳ್ಳಿ, ಅಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ.

6. ಬಿಲ್ಲನ್ನು ಕೌಂಟರಿನಲ್ಲೇ ಓದಿ

ಕಪಾಟಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ಆಗುವುದು ಸಾಮಾನ್ಯ. ಆಫರ್ ಮುಗಿದರೂ ಚೀಟಿ ತೆಗೆದಿರುವುದಿಲ್ಲ. ಆಫರ್ ಚೀಟಿಯ ಫೋಟೊ ಮೊಬೈಲಿನಲ್ಲಿದ್ದರೆ ವಾದವೇ ಬೇಡ. ಬಿಡಿ ಸಾಮಾನು ತೂಗುವಾಗ ಡಬ್ಬಿಯ ತೂಕ ಕಳೆದಿದ್ದಾರೆಯೇ ನೋಡಿ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಅದರ ಮೇಲೆ ಜಿಎಸ್‌ಟಿ ಕೇಳಿದರೆ ಕೊಡಬೇಕಾಗಿಲ್ಲ. ಸರಿಪಡಿಸಲು ಒಪ್ಪದಿದ್ದರೆ ಬಿಲ್ಲು ಇಟ್ಟುಕೊಂಡು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ತೂಕದ ದೂರಾದರೆ ಕಾನೂನು ಮಾಪನ ಇಲಾಖೆಗೆ ಕೊಡಿ, ಪೊಟ್ಟಣವನ್ನು ಒಡೆಯದೆ.