ರೊಮ್ಯಾಂಟಿಕ್ ಕಾಮಿಡಿಗೆ ಜೋಡಿ ಆರಿಸುವುದು ಹೇಗೆ

ನಾಯಕ, ನಾಯಕಿಯನ್ನು ಬೇರೆ ಬೇರೆಯಾಗಿ ಆಡಿಷನ್ ಮಾಡಿ ಒಪ್ಪಿಕೊಂಡುಬಿಡಬೇಡಿ. ಕೊನೇ ಸುತ್ತಿಗೆ ಉಳಿದವರನ್ನು ಅದಲುಬದಲು ಮಾಡಿ ಜೋಡಿಯಾಗಿ ಕೂರಿಸಿ, ಎರಡು ದೃಶ್ಯ ಓದಿಸಿ: ಒಂದು ಜಗಳದ್ದು, ಇನ್ನೊಂದು ಮಾತು ಕಮ್ಮಿ ಇರುವುದು. ಪ್ರೇಮ ನಿವೇದನೆಯ ದೃಶ್ಯ ಬೇಡ. ಅಲ್ಲಿ ಸಂಭಾಷಣೆಯೇ ಎಲ್ಲ ಕೆಲಸ ಮಾಡಿಬಿಡುತ್ತದೆ, ಜೋಡಿ ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಮಾತಾಡುವವರನ್ನಲ್ಲ, ಕೇಳಿಸಿಕೊಳ್ಳುವವರ ಮುಖ ನೋಡಿ. ಅವಳು "ನಿಮ್ಮ ಛತ್ರಿ ನನ್ನ ಹತ್ತಿರಾನೇ ಇದೆ" ಅಂದಾಗ ಅವನ ಕಣ್ಣು ಮೊದಲು ನಕ್ಕು, ತುಟಿ ಅದನ್ನು ಮುಚ್ಚಿಡಲು ಬಿಗಿಯಾಯಿತೇ? ಬೇಕಾದ್ದು ಅದೇ. ತನ್ನ ಮಾತಿನ ಸರದಿಗೆ ಕಾಯುತ್ತಾ ಕೂತಿದ್ದರೆ, ಎಷ್ಟೇ ಚೆಂದದ ಜೋಡಿಯಾದರೂ ಬಿಟ್ಟುಬಿಡಿ. ಎರಡನೇ ಸಲ ಒಬ್ಬರಿಗೆ ಮಾತ್ರ ಗುಟ್ಟಾಗಿ "ನಿಧಾನ ಮಾಡಿ" ಅಂತ ಹೇಳಿ. ಇನ್ನೊಬ್ಬರ ಲಯವೂ ತಾನಾಗಿ ಬದಲಾಗಬೇಕು.

ಚಿತ್ರೀಕರಣದಲ್ಲಿ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ, ಸೊಂಟದಿಂದ ಮೇಲಕ್ಕೆ, ಕಟ್ ಇಲ್ಲದೆ ಹಿಡಿಯಿರಿ. ಬರೀ ಕ್ಲೋಸಪ್ ಜೋಡಿಸಿದರೆ ಮಾತು-ಮಾತಿನ ನಡುವಿನ ಟೈಮಿಂಗ್ ನಟರ ಕೈತಪ್ಪಿ ಎಡಿಟರ್ ಪಾಲಾಗುತ್ತದೆ. ಮಾತಿನ ಮೇಲೆ ಮಾತು ಬೀಳುವ ಕಡೆ ಇಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್ ಕೊಡಿ. ಇಲ್ಲದಿದ್ದರೆ ಡಬ್ಬಿಂಗ್‌ಗೆ ಹೋಗಬೇಕಾಗುತ್ತದೆ, ಅಲ್ಲಿ ಆ ಬಿಸಿ ಮತ್ತೆ ಸಿಗುವುದು ಬಹಳ ಕಷ್ಟ.